ಪಾಸ್‌ವರ್ಡ್ ಸರಿಯೇ ಇತ್ತು: ಇಮೇಲ್ ಕಂಪನಿಗಳಿಗೊಂದು ಬಹಿರಂಗ ಪತ್ರ



ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಲ್ಲಿ ಮೇಲ್ ಅನ್ನು ಕಂಪ್ಯೂಟರಿಗೇ ಇಳಿಸಿಕೊಂಡು ಕೆಲಸ ಮಾಡುವವರು ಇನ್ನೂ ಇದ್ದಾರೆ. ಬಿ.ಸಿ.ರೋಡಿನ ತೆರಿಗೆ ಸಲಹೆಗಾರರು, ಸಹಕಾರಿ ಸಂಘಗಳ ಗುಮಾಸ್ತರು, ಪ್ರಿಂಟಿಂಗ್ ಪ್ರೆಸ್ಸಿನವರು. ಔಟ್‌ಲುಕ್, ಥಂಡರ್‌ಬರ್ಡ್ ಎಂಬ ಮೇಲ್ ಪ್ರೋಗ್ರಾಂಗಳೇ ಅವರ ಕಡತದ ಕಪಾಟು. ಘಟ್ಟದ ತಪ್ಪಲಿನ ಮಳೆಗಾಲದಲ್ಲಿ ನೆಟ್ ಹೋದರೂ ಹಳೆಯ ಪತ್ರ ಕೈಗೆ ಸಿಗುವುದು ಸಣ್ಣ ಮಾತಲ್ಲ.

ಒಂದು ಬೆಳಿಗ್ಗೆ ಅವರ ಪರದೆಯ ಮೇಲೆ ಸಣ್ಣದೊಂದು ಚೌಕ ಏಳುತ್ತದೆ. ವಿಳಾಸ ತುಂಬಿಯೇ ಇರುತ್ತದೆ, ಪಾಸ್‌ವರ್ಡ್ ಮಾತ್ರ ಕೇಳುತ್ತದೆ. ಹಾಕಿ ಓಕೆ ಒತ್ತಿದರೆ ಹೋಗುತ್ತದೆ, ಕ್ಷಣದಲ್ಲಿ ಮತ್ತೆ ಹಾಜರು. ಅದೇ ಪಾಸ್‌ವರ್ಡಿಗೆ ಬ್ರೌಸರಿನಲ್ಲಿ ಮೇಲ್ ತೆರೆಯುತ್ತದೆ! ಗಾಬರಿಯಾದವರು ಪಾಸ್‌ವರ್ಡನ್ನೇ ಬದಲಿಸುತ್ತಾರೆ. ಆಗ ಫೋನಿನಲ್ಲಿ ಬರುತ್ತಿದ್ದ ಮೇಲ್ ಕೂಡ ನಿಲ್ಲುತ್ತದೆ.

ತಪ್ಪು ಅವರದಲ್ಲ, ಬದಲಾದದ್ದು ನಿಮ್ಮ ನಿಯಮ. ಖಾಸಗಿ ಜಿಮೇಲ್ ಖಾತೆಗಳಿಗೆ ಬರೀ ಪಾಸ್‌ವರ್ಡಿನಿಂದ ಹೊರಗಿನ ಪ್ರೋಗ್ರಾಂ ಜೋಡಿಸುವುದನ್ನು ಗೂಗಲ್ 2022ರ ಮೇ 30ರಿಂದ ನಿಲ್ಲಿಸಿತು. ಔಟ್‌ಲುಕ್ ಡಾಟ್ ಕಾಮ್ ಖಾತೆಗಳಿಗೆ ಮೈಕ್ರೋಸಾಫ್ಟ್ 2024ರ ಸೆಪ್ಟೆಂಬರ್ 16ರಂದು ಅದನ್ನೇ ಮಾಡಿತು. ಕಳ್ಳತನ ತಡೆಯಲು ಇದು ಬೇಕಾದದ್ದೇ, ತಕರಾರಿಲ್ಲ. ಆದರೆ ಆ ಚೌಕ ಈ ಸಂಗತಿ ಹೇಳುವುದಿಲ್ಲವಲ್ಲ. ಥಂಡರ್‌ಬರ್ಡಿನಲ್ಲಿ ದೃಢೀಕರಣದ ವಿಧಾನವನ್ನು ಓಆತ್2 (OAuth2) ಎಂದು ಬದಲಿಸಿದರೆ ಮುಗಿಯುತ್ತದೆ. ಹಳೆಯ ಔಟ್‌ಲುಕ್ 2010ಕ್ಕೆ ಆ ವಿದ್ಯೆ ಗೊತ್ತಿಲ್ಲ. ಅದರಲ್ಲಿ ಜಿಮೇಲ್ ಬಳಸುವವರು ಎರಡು ಹಂತದ ಪರಿಶೀಲನೆ ಚಾಲೂ ಮಾಡಿ 16 ಅಕ್ಷರಗಳ ಆ್ಯಪ್ ಪಾಸ್‌ವರ್ಡ್ ಪಡೆದು ಅದನ್ನು ಹಾಕಿ ನೋಡಬೇಕು. ಇಷ್ಟನ್ನು ಹೇಳಲು ನಾಲ್ಕು ಸಾಲು ಸಾಕು.

ಮೇಲ್ ಬರುತ್ತದೆ, ಹೋಗುವುದಿಲ್ಲ ಎಂಬುದು ಬೇರೆಯದೇ ತಾಪತ್ರಯ. ಮದುವೆ ಕಾಗದದ ಪ್ರೂಫ್ ಔಟ್‌ಬಾಕ್ಸಿನಲ್ಲಿ ಕೂತಿರುತ್ತದೆ, ಮುಂಬೈಯ ಗಿರಾಕಿ ಫೋನಿನಲ್ಲಿ ರೇಗುತ್ತಾರೆ. ಎಷ್ಟೋ ಸಲ ಕಾರಣ, ಮೇಲ್ ಕಳಿಸುವ ಸೆಟ್ಟಿಂಗಿನಲ್ಲಿರುವ ಪೋರ್ಟ್ 25. ಸ್ಪ್ಯಾಮ್ ತಡೆಯಲು ಅನೇಕ ಇಂಟರ್ನೆಟ್ ಕಂಪನಿಗಳು ಅದನ್ನು ಮುಚ್ಚಿವೆ. ಅದರ ಬದಲು 587 ಹಾಕಿ, ಹೋಗುವ ಸರ್ವರಿಗೂ ಲಾಗಿನ್ ಬೇಕೆಂಬಲ್ಲಿ ಟಿಕ್ ಮಾಡಿದರೆ ಹೆಚ್ಚಾಗಿ ಹೋಗಿಬಿಡುತ್ತದೆ.

ಮೇಲ್ ಅನ್ನು ಯಂತ್ರಕ್ಕೆ ಇಳಿಸಿಕೊಳ್ಳುವ ಪಾಪ್ (POP) ಖಾತೆಯ ಭಯ ಇನ್ನೂ ದೊಡ್ಡದು. ಸರ್ವರಿನಲ್ಲಿ ಪ್ರತಿ ಉಳಿಸುವ ಟಿಕ್ ಇಲ್ಲದಿದ್ದರೆ ಮೇಲ್ ಆ ಒಂದು ಯಂತ್ರದಲ್ಲಷ್ಟೇ ಇರುತ್ತದೆ. ಏಪ್ರಿಲ್-ಮೇ ತಿಂಗಳ ಒಂದು ಸಿಡಿಲು ಬಡಿದರೆ ವರ್ಷಗಳ ಲೆಕ್ಕಪತ್ರ ಹೋಯಿತು. ಜೈನರ ಧವಳ ಗ್ರಂಥಗಳ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ಊರು ಮೂಡುಬಿದಿರೆ. ಅವುಗಳ ಪ್ರತಿ ತೆಗೆದ ಮೇಲೆಯೇ ಅವು ಹೊರಗಿನವರ ಓದಿಗೆ ದಕ್ಕಿದವು. ಪ್ರತಿಯ ಬೆಲೆ ಈ ಊರಿಗೆ ಯಾರೂ ಕಲಿಸಬೇಕಿಲ್ಲ. ಆ ಟಿಕ್ ಎಲ್ಲಿದೆ ಎಂದು ತೋರಿಸಿದರೆ ಸಾಕು.

ಆದ್ದರಿಂದ ನಮ್ಮ ಬೇಡಿಕೆ ಇಷ್ಟೇ. ಮೇಲ್ ನಿಂತಾಗ ನಿಜವಾದ ಕಾರಣವನ್ನೂ ಮುಂದೆ ಮಾಡಬೇಕಾದ್ದನ್ನೂ ಅದೇ ಚೌಕದಲ್ಲಿ, ಕನ್ನಡದಲ್ಲಿ ಬರೆಯಿರಿ. ಅಲ್ಲಿಯವರೆಗೆ ಓದುಗರಲ್ಲಿ ಒಂದು ವಿನಂತಿ: ಪಾಸ್‌ವರ್ಡ್ ಬದಲಿಸುವ ಮೊದಲು ಅದೇ ಪಾಸ್‌ವರ್ಡಿನಿಂದ ಬ್ರೌಸರಿನಲ್ಲಿ ಮೇಲ್ ತೆರೆದು ನೋಡಿ. ತೆರೆದರೆ ಪಾಸ್‌ವರ್ಡನ್ನು ಮುಟ್ಟಬೇಡಿ, ಸೆಟ್ಟಿಂಗ್ ನೋಡಿ.