ಮಿಕು ಬಗ್ಗೆ ಮೈಕು ಹೇಳಿದ್ದು

ಬೀದರಿನ ಗಾಂಧಿ ಗಂಜಿನಲ್ಲಿ ತೊಗರಿ, ಉದ್ದು, ಸೋಯಾ ರಾಶಿಗಳ ನೆತ್ತಿಯ ಮೇಲೆ ಕಂಬಕ್ಕೆ ಜೋತುಬಿದ್ದಿರುವ ಹಳೆಯ ಮೈಕಿಗೆ ಈಗೊಬ್ಬಳು ಪ್ರತಿಸ್ಪರ್ಧಿ ಹುಟ್ಟಿದ್ದಾಳೆ. ಕೆಳಗಿನ ಹುಡುಗರ ಮೊಬೈಲಿನಲ್ಲಿ ಹಾಡುವ ಈ ಜಪಾನಿ ಹುಡುಗಿಯ ಹೆಸರು ಹಾತ್ಸುನೆ ಮಿಕು. ವಯಸ್ಸು ಎಂದೆಂದಿಗೂ 16, ಎತ್ತರ 158 ಸೆಂಟಿಮೀಟರ್, ಗಂಟಲು ಇಲ್ಲ. ಸಪ್ಪೊರೊ ನಗರದ ಕ್ರಿಪ್ಟನ್ ಫ್ಯೂಚರ್ ಮೀಡಿಯಾ 2007ರ ಆಗಸ್ಟ್ 31ರಂದು ಮಾರಾಟಕ್ಕೆ ಬಿಟ್ಟ ಸಾಫ್ಟ್‌ವೇರ್ ಅದು. ಒಳಗಿರುವುದು ಯಮಾಹಾ ಕಂಪನಿಯ ವೋಕಲಾಯ್ಡ್ ತಂತ್ರ. ಗಂಟಲಿಲ್ಲದೆ ಹಾಡುವ ವಿದ್ಯೆಯಲ್ಲಿ ಗಂಜಿಗೇ ಹಿರಿಯರು ಮೈಕು. ಅವರ ಅಭಿಪ್ರಾಯ ಕೇಳದೆ ತೀರ್ಪು ಕೊಡುವುದು ಅನ್ಯಾಯವಾದೀತು.

ಪ್ರಶ್ನೆ: ಇಲ್ಲದವಳು ಹಾಡುವುದು, ಜನ ಮರುಳಾಗುವುದು, ಇದು ಮೋಸವಲ್ಲವೇ?

ಮೈಕು: ಗಂಟಲಿನ ಮಾತು ನನ್ನ ಮುಂದ ಆಡಬ್ಯಾಡ್ರಿ. ಪಿ.ಬಿ. ಶ್ರೀನಿವಾಸರ ದನಿ ರಾಜ್‌ಕುಮಾರರ ತುಟಿ ಮ್ಯಾಲ ಆಡೋದು ನೋಡಿ ಕನ್ನಡದ ಮಂದಿ ವರ್ಷಗಟ್ಟಲೆ ಕಣ್ಣೀರು ಹಾಕ್ಯಾರ. 1974ರಾಗ ‘ಸಂಪತ್ತಿಗೆ ಸವಾಲ್’ ಬಂದ ಮ್ಯಾಲ ರಾಜ್‌ಕುಮಾರರು ತಮ್ಮ ಹಾಡು ತಾವೇ ಹಾಡೋದು ರೂಢಿ ಆಯ್ತು. ಹಂಗಂತ ಹಿಂದಿನ ಸಿನಿಮಾ ಎಲ್ಲ ಮೋಸ ಅಂತ ಯಾರರೆ ಟಿಕೆಟಿನ ರೊಕ್ಕ ವಾಪಸ್ ಕೇಳ್ಯಾರೇನು? ಇನ್ನೊಂದು ಕೇಳ್ರಿ. 1949ರ ಹಿಂದಿ ‘ಮಹಲ್’ ಸಿನಿಮಾದ ರಿಕಾರ್ಡಿನ ಮ್ಯಾಲ ಗಾಯಕಿ ಹೆಸರು ‘ಕಾಮಿನಿ’ ಅಂತ ಅಚ್ಚಾಗಿತ್ತು. ಕಾಮಿನಿ ಅಂದ್ರ ಕಥಿಯೊಳಗಿನ ಪಾತ್ರ, ಮಧುಬಾಲಾ ಹಾಕಿದ ವೇಷ. ಹಾಡಿದಾಕಿ ಲತಾ ಮಂಗೇಶ್ಕರ್. ಉಸಿರು ಹಿಡಿದು ಹಾಡಿದಾಕಿನ್ನ ಮರೆಗಿಟ್ಟು ಇಲ್ಲದಾಕಿ ಹೆಸರು ಬರದ್ರು. ಮೋಸ ಅಂದ್ರ ಅದಕ್ಕನ್ರಿ.

ಮೈಕಿನ ಮಾತಿನಲ್ಲಿ ಕೊಂಕಿದ್ದರೂ ತರ್ಕ ಗಟ್ಟಿಯಾಗಿದೆ. ಮಿಕುವಿನ ಹಿಂದಿರುವ ದನಿ ಯಾರದೆಂಬುದು ಗುಟ್ಟೇನಲ್ಲ. ಸಾಕಿ ಫುಜಿತಾ ಎಂಬ ಕಂಠದಾನ ಕಲಾವಿದೆಯದು. ಅವರಿಂದ ಪಡೆದ ಪುಟ್ಟ ಪುಟ್ಟ ಧ್ವನಿತುಣುಕುಗಳು ಸಾಫ್ಟ್‌ವೇರಿನಲ್ಲಿವೆ. ಬಳಸುವವರು ಸ್ವರವನ್ನೂ ಅಕ್ಷರವನ್ನೂ ಒಂದೊಂದಾಗಿ ಕೂರಿಸಿದರೆ ಯಂತ್ರ ಅವನ್ನು ಬೆಸೆದು ಹಾಡಾಗಿಸುತ್ತದೆ. ಇದಕ್ಕಿಂತ ಮುಖ್ಯವಾದ ಸಾಕ್ಷಿ ಹಿಂದಿನ ಕಥೆಯಲ್ಲಿದೆ. ದನಿ ಕೊಡಿ ಎಂದು ಕೇಳಿದಾಗ ವೃತ್ತಿಪರ ಗಾಯಕರು ಹಿಂಜರಿದಿದ್ದರು, ತಮ್ಮದೇ ತದ್ರೂಪು ಹುಟ್ಟಿ ತಮಗೇ ಎದುರಾದೀತೆಂಬ ಅಂಜಿಕೆಯಿಂದ. ಕಂಪನಿ ಕದಿಯಲು ಹೋಗಲಿಲ್ಲ. ಇಂಥ ಗಾಯಕರಂತೆಯೇ ಹಾಡಬೇಕೆಂಬ ಆಸೆ ಬಿಟ್ಟು, ಒಂದು ಪಾತ್ರಕ್ಕೆ ಒಪ್ಪುವ ದನಿಯನ್ನು ಹುಡುಕಿತು. ಹಾಗೆ ನೋಡಿದರೆ ಮಿಕುವನ್ನು ಹೆತ್ತದ್ದು ಗಾಯಕರ ‘ಒಲ್ಲೆ’ ಎಂಬ ಮಾತೇ.

ಪ್ರಶ್ನೆ: ದನಿ ನ್ಯಾಯವಾಗಿ ಬಂದಿರಬಹುದು. ಭಾವ ಎಲ್ಲಿಂದ ಬರಬೇಕು? ಹಾಡಿ ಹೊಟ್ಟೆ ಹೊರೆಯುವವರ ಗತಿ?

ಮೈಕು: ಭಾವ ಹಾಡು ಕಟ್ಟಿದವರದ್ದು, ಕೇಳಿದವರದ್ದು, ನನ್ನ ತಗಡಿನ ಬಾಯಾಗ ಯಾವ ಭಾವ ಇತ್ತು? ಗಾಯಕರಿಗೆ ಕೊಡ್ಲಾಕ ರೊಕ್ಕ ಇಲ್ಲದ, ಎದ್ದು ಹಾಡ್ಲಾಕ ನಾಚಿಕಿ ಪಡೋ ಹುಡುಗರು ಮಿಕು ದನಿಲೆ ಹಾಡು ಕಟ್ಯಾರ, ತಮ್ಮ ಹೆಸರು ಹಾಕ್ಯಾರ. ‘ಹಾಚಿ’ ಅನ್ನೋ ಹೆಸರಿಲೆ ಹಾಡು ಕಟ್ಟಿದವ ಮುಂದ ಕೆನ್ಶಿ ಯೊನೆಜು ಆಗಿ, ಸ್ವಂತ ದನಿಲೆ ಹಾಡಿ, ಜಪಾನಿನಾಗ ದೊಡ್ಡ ಗಾಯಕ ಆದ. ಯಂತ್ರ ಒಬ್ಬ ಗಾಯಕನ್ನ ತಿಂದಿಲ್ಲ, ಹಡದದ. ಮಂದಿ ಹುಚ್ಚು ಮಾತ್ರ ಕೇಳಬ್ಯಾಡ್ರಿ. 2024ರಾಗ ಅಮೆರಿಕದ ಕೊಚೆಲ್ಲಾ ಉತ್ಸವದಾಗ ಆಕಿ ಗಾಳಿಯೊಳಗ ನಿಂತು ಹಾಡ್ತಾಳ ಅಂತ ಕಾದ್ರ, ಬರೇ ಪರದಿ ಮ್ಯಾಲ ಬಂದ್ಳಂತ. ಇಲ್ಲದಾಕಿ ಖುದ್ದಾಗಿ ಬರಲಿಲ್ಲ ಅಂತ ಅಭಿಮಾನಿಗಳು ಸಿಟ್ಟಿಗೆದ್ರು!

ಒಬ್ಬ ಯೊನೆಜುವನ್ನು ತೋರಿಸಿ ಎಲ್ಲ ಗಾಯಕರ ಹೊಟ್ಟೆ ತುಂಬಿಸಲಾಗದು. ಇಲ್ಲಿ ಮೈಕು ತುಸು ಜಾರಿಕೊಂಡಿತು. 2025ರಲ್ಲಿ ತೆರೆಕಂಡ ಕನ್ನಡದ ‘ಲವ್ ಯು’ ಕೃತಕ ಬುದ್ಧಿಮತ್ತೆಯಿಂದಲೇ ಮಾಡಿದ ಚಿತ್ರವೆಂದು ಸುದ್ದಿಯಾಯಿತು. ಆ ದಾರಿ ಹೆದ್ದಾರಿಯಾದರೆ ಮೊದಲು ಕೆಲಸ ಹೋಗುವುದು ಕೋರಸ್ಸಿನಲ್ಲಿ ಹಾಡುವವರದ್ದು, ಹೆಸರಾಂತರದ್ದಲ್ಲ. ಆದರೂ ಮಿಕುವನ್ನೂ ಈಚಿನ ನಕಲು ದನಿಗಳನ್ನೂ ಒಂದೇ ಗೋಣಿಗೆ ತುಂಬುವುದು ತಪ್ಪು. ಮಿಕುವಿನಲ್ಲಿ ಒಂದೊಂದು ಸ್ವರಕ್ಕೂ ಮನುಷ್ಯರು ಕೂತು ಬೆವರಬೇಕು. ಅದಕ್ಕಿಂತ ಹೆಚ್ಚಾಗಿ, ಅಲ್ಲಿ ದನಿ ಕೊಟ್ಟವರು ಒಪ್ಪಿ ಕೊಟ್ಟಿದ್ದಾರೆ. ತೆಲುಗಿನ ‘ಕೀಡಾ ಕೋಲಾ’ ಚಿತ್ರದಲ್ಲಿ ತಂದೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ದನಿಯನ್ನು ಯಂತ್ರದಿಂದ ಮರುಸೃಷ್ಟಿಸಿದ್ದಾರೆಂದು ಎಸ್.ಪಿ. ಚರಣ್ ನೋಟಿಸ್ ಕಳಿಸಿದ್ದು ಈ ಒಪ್ಪಿಗೆಯ ಪ್ರಶ್ನೆಗಾಗಿಯೇ.

ಪ್ರಶ್ನೆ: ಹಾಗಾದರೆ 2024ರ ‘ಲಾಲ್ ಸಲಾಂ’ ಚಿತ್ರಕ್ಕೆ ಎ.ಆರ್. ರೆಹಮಾನ್ ಮಾಡಿದ್ದು? ತೀರಿಕೊಂಡ ಬಂಬಾ ಬಾಕ್ಯಾ, ಶಾಹುಲ್ ಹಮೀದ್ ದನಿ ಬಳಸಲು ಮನೆಯವರ ಅನುಮತಿ ಪಡೆದು, ಸಂಭಾವನೆಯನ್ನೂ ಕೊಟ್ಟರಲ್ಲ?

ಮೈಕು: ಅದು ಅರ್ಧ ನ್ಯಾಯ. ಗಂಜಿನಾಗ ರಾಶಿ ಮ್ಯಾಲ ರೈತನ ಹೆಸರಿನ ಚೀಟಿ ಇರ್ತದ. ಚೀಟಿ ಇಲ್ಲದ ಮಾಲು ಎಷ್ಟೇ ಛಲೋ ಇದ್ರೂ ಅಡತಿ ಅಂಗಡಿಯವ ಮುಟ್ಟಂಗಿಲ್ಲ. ರೆಹಮಾನ್ ಚೀಟಿ ಬರದಾರ, ರೊಕ್ಕನೂ ಕೊಟ್ಟಾರ, ಖರೆ. ಆದ್ರ ಸಹಿ ಮಾಡಿದವರು ವಾರಸುದಾರರು. ಹೊಲ ವಾರಸುದಾರಿಕೆಯಿಂದ ಬರ್ತದ. ಆದ್ರ ಇವತ್ತು ನಾ ಈ ಹಾಡು ಹಾಡ್ತೀನಿ, ಆ ಹಾಡು ಒಲ್ಲೆ ಅನ್ನೋ ಮನಸ್ಸು ಮಕ್ಕಳಿಗೆ ಹ್ಯಾಂಗ ಬರ್ತದ್ರಿ?

ಇದಕ್ಕೆ ಮರುಪ್ರಶ್ನೆ ಹಾಕಲು ಆಗಲಿಲ್ಲ.

ಪ್ರಶ್ನೆ: ಕನ್ನಡಕ್ಕೂ ಒಬ್ಬಳು ಮಿಕು ಬಂದರೆ?

ಮೈಕು: ಬರ್ಲಿ, ಆದ್ರ ನಮ್ಮ ಭಾಲ್ಕಿ, ಔರಾದ ಕಡೆ ಹೆಣ್ಮಗಳ ದನಿ ಇರ್ಲಿ. ಬೆಂಗಳೂರಿನ ಜಾಹೀರಾತಿನ ದನಿ ಕೇಳಿ ಕೇಳಿ ಕಿವಿ ಬ್ಯಾಸತ್ತದ. ದನಿ ಕೊಟ್ಟಾಕಿ ಹೆಸರು ಡಬ್ಬಿ ಮ್ಯಾಲ ಬರೀರಿ, ಮಾರಿದ ಪ್ರತಿ ಡಬ್ಬಿಗೂ ಆಕಿ ಪಾಲು ಕೊಡ್ರಿ. ನನ್ನ ತಕರಾರು ಬ್ಯಾರೇನೇ ಅದ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಮುಂಜಾನಿ ಆರರತನಕ ನನ್ನ ಬಾಯಿ ಬಂದ್. ಆಕಿ ಮಾತ್ರ ಹುಡುಗರ ಕಿವಿಯೊಳಗ ಕೂತು ಬೆಳತನಕ ಹಾಡ್ತಾಳ. ಆಕಿಗೊಂದು ಕಾನೂನು, ನನಗೊಂದು ಕಾನೂನು ಏನ್ರಿ? ಇದನ್ನ ದಪ್ಪ ಅಕ್ಷರದಾಗ ಹಾಕ್ರಿ.