ಗೆರೆಯಾಚೆಯ ಕುರ್ಚಿ

ಆಟದಿಂದ ಶಿಸ್ತು, ನಾಯಕತ್ವ, ಒಗ್ಗಟ್ಟು ಬರುತ್ತದೆಂದು ಶಾಲಾ ಕ್ರೀಡಾಕೂಟದ ಮುಖ್ಯ ಅತಿಥಿಗಳು ಲಾಗಾಯ್ತಿನಿಂದ ಹೇಳುತ್ತ ಬಂದಿದ್ದಾರೆ. ಅವರು ಹೇಳಿ ಮುಗಿಸುವಷ್ಟರಲ್ಲಿ ಬಿಸಿಲಿಗೆ ನಿಂತ ಮಕ್ಕಳಲ್ಲಿ ನಾಲ್ಕಾರು ಮಂದಿ ತಲೆಸುತ್ತಿ ಕೂತಿರುತ್ತಾರೆ. ಮಾತು ಸುಳ್ಳೇನಲ್ಲ. ಆದರೆ ಆ ಪಾಠ ಮೊದಲು ಆಗಬೇಕಾದ್ದು ಆಟಗಾರನಿಗಲ್ಲ, ಕೋಚ್‌ಗೆ ಎಂಬುದು ನನ್ನ ವಾದ. ಅದೊಂದು ವಿಚಿತ್ರ ಹುದ್ದೆ. ವರ್ಷವಿಡೀ ಕಿರುಚಿ ತಯಾರು ಮಾಡಬೇಕು, ನಿಜವಾದ ಕೆಲಸದ ಹೊತ್ತಿಗೆ ಗೆರೆಯಾಚೆ ಹೋಗಬೇಕು. ಫುಟ್‌ಬಾಲ್‌ನಲ್ಲಿ ಅವನು ದಾಟಬಾರದೆಂದೇ ಒಂದು ಚೌಕ ಎಳೆದಿರುತ್ತಾರೆ. ಬ್ಯಾಡ್ಮಿಂಟನ್‌ನಲ್ಲಿ ಕೋರ್ಟಿನ ಹಿಂದೊಂದು ಕುರ್ಚಿ. ಷಟಲ್ ಆಟದಲ್ಲಿರುವಷ್ಟು ಹೊತ್ತು ಬಾಯಿಗೆ ಬೀಗ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನ ಶಾಲೆಯ ಗೇಟಿನಾಚೆ ನಿಂತ ಅಪ್ಪನಿಗೆ ಎಷ್ಟು ಅಧಿಕಾರವೋ ಇವನಿಗೂ ಅಷ್ಟೇ. ಸುಮ್ಮನಿರುವುದೇ ಇಲ್ಲಿ ನಾಯಕತ್ವ, ಮತ್ತು ಅದು ಎಲ್ಲರ ಕೈಲಾಗುವಂಥದ್ದಲ್ಲ.

ದಕ್ಷಿಣ ಆಫ್ರಿಕಾ ಕ್ರಿಕೆಟ್ ತಂಡದ ಅಂದಿನ ಕೋಚ್ ಬಾಬ್ ವೂಲ್ಮರ್ ಅವರ ಕೈಲೂ ಆಗಲಿಲ್ಲ. 1999ರ ವಿಶ್ವಕಪ್‌ನಲ್ಲಿ, ಹೋವ್‌ನಲ್ಲಿ ಭಾರತದ ಮೇಲೆ ಆಡುವಾಗ, ಅವರು ನಾಯಕ ಹ್ಯಾನ್ಸಿ ಕ್ರೋನಿಯೆಯ ಕಿವಿಗೆ ಇಯರ್‌ಪೀಸ್ ಸಿಕ್ಕಿಸಿ ಪೆವಿಲಿಯನ್ನಿನಿಂದಲೇ ಉಪದೇಶ ಶುರುಮಾಡಿದರು. ಪಾನೀಯ ವಿರಾಮದಲ್ಲಿ ಮ್ಯಾಚ್ ರೆಫರಿ ಅದನ್ನು ತೆಗೆಸಿದರು. ಕಿವಿ ಖಾಲಿಯಾದ ಮೇಲೂ ದಕ್ಷಿಣ ಆಫ್ರಿಕಾ ಗೆದ್ದಿತು ಎಂಬುದು ಕೋಚ್‌ಗಳು ಹೆಚ್ಚು ನೆನೆಯಲಿಚ್ಛಿಸದ ಸಂಗತಿ. ಅದೇ ಶಿಸ್ತಿನ ನಾಯಕ ಮರುವರ್ಷ ಬುಕ್ಕಿಗಳಿಂದ ಹಣ ಪಡೆದದ್ದನ್ನು ಒಪ್ಪಿಕೊಂಡು ಆಜೀವ ನಿಷೇಧಕ್ಕೆ ಒಳಗಾದರು. ತಂತ್ರವನ್ನು ಕಿವಿಗೆ ಊದಬಹುದು, ಗುಣವನ್ನು ಊದುವ ಯಂತ್ರ ಇನ್ನೂ ಬಂದಿಲ್ಲ.

ಹಾಗಾದರೆ ಗದರುವವರು ಗೆದ್ದಿಲ್ಲವೇ ಎಂದು ಕೇಳುವಿರಿ. ಗೆದ್ದಿದ್ದಾರೆ, ಧಾರಾಳವಾಗಿ. ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ತಂಡದ ಮ್ಯಾನೇಜರ್ ಆಗಿದ್ದ ಅಲೆಕ್ಸ್ ಫರ್ಗೂಸನ್ ಆಟಗಾರರ ಮುಖಕ್ಕೆ ಮುಖವಿಟ್ಟು ಅರಚಿ 38 ಟ್ರೋಫಿ ತಂದವರು. 2003ರಲ್ಲಿ ಸಿಟ್ಟಿಗೆ ಅವರು ಒದ್ದ ಬೂಟು ಹಾರಿ ಆಟಗಾರ ಡೇವಿಡ್ ಬೆಕಮ್ ಹುಬ್ಬಿಗೇ ಬಡಿಯಿತು. ಆ ಗುರಿ ನೋಡಿದರೆ ಅವರನ್ನೇ ಆಡಿಸಬಹುದಿತ್ತು. ಆದರೆ 2013ರಲ್ಲಿ ಲೀಗ್ ಗೆದ್ದುಕೊಟ್ಟು ಅವರು ನಿವೃತ್ತರಾದರು, ಮರುವರ್ಷ ಹೆಚ್ಚುಕಡಿಮೆ ಅದೇ ತಂಡ ಏಳನೆಯ ಸ್ಥಾನಕ್ಕಿಳಿಯಿತು. ಆಟಗಾರರಿಗೆ ವಯಸ್ಸಾಗಿತ್ತು, ಹೊಸ ಮ್ಯಾನೇಜರ್‌ಗೆ ಅನುಭವ ಸಾಲದು ಎನ್ನುವವರಿದ್ದಾರೆ. ಇರಬಹುದು. ಆದರೂ ಶಿಸ್ತು ಆಟಗಾರರಲ್ಲಿ ಇಳಿದಿತ್ತೋ, ಫರ್ಗೂಸನ್ನರ ಗಂಟಲಿನಲ್ಲೇ ಉಳಿದಿತ್ತೋ ಎಂಬ ಅನುಮಾನ ನನಗಂತೂ ಹೋಗಿಲ್ಲ.

ಇದಕ್ಕೆ ಎದುರಾಗಿ ನಮ್ಮ ಬೆಂಗಳೂರಿನ ರಾಹುಲ್ ದ್ರಾವಿಡ್ ಅವರನ್ನು ನಿಲ್ಲಿಸುತ್ತೇನೆ. 2018ರಲ್ಲಿ ಅವರು ಕೋಚ್ ಆಗಿದ್ದ ಹುಡುಗರು 19 ವರ್ಷದೊಳಗಿನವರ ವಿಶ್ವಕಪ್ ಗೆದ್ದಾಗ ಕ್ರಿಕೆಟ್ ಮಂಡಳಿ ದ್ರಾವಿಡ್‌ಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ಘೋಷಿಸಿತು. ಎಲ್ಲರಿಗೂ ಒಂದೇ ಇರಲಿ ಎಂದರು ದ್ರಾವಿಡ್. ಕೊನೆಗೆ ತಲಾ 25 ಲಕ್ಷವಾಯಿತು. 2024ರಲ್ಲಿ ಭಾರತ ಟಿ20 ವಿಶ್ವಕಪ್ ಗೆದ್ದ ನಂತರವೂ ಐದು ಕೋಟಿ ಬೇಡ, ಉಳಿದ ಕೋಚ್‌ಗಳಂತೆ ಎರಡೂವರೆ ಸಾಕು ಎಂದರೆಂದು ವರದಿಯಾಯಿತು. ಬೋನಸ್ ಅರ್ಧಕ್ಕಿಳಿಸಿ ಎಂಬ ಅರ್ಜಿಗೆ ನಮ್ಮ ಯಾವ ಕಚೇರಿಯಲ್ಲೂ ನಮೂನೆಯೇ ಇರಲಿಕ್ಕಿಲ್ಲ. ಉಳ್ಳವರಿಗೆ ತ್ಯಾಗ ಸುಲಭ ಅಂತೀರಾ? ಸುಲಭವಾಗಿದ್ದರೆ ಉಳ್ಳವರೆಲ್ಲ ಸರದಿಯಲ್ಲಿ ನಿಲ್ಲಬೇಕಿತ್ತು. ಒಗ್ಗಟ್ಟಿನ ಬಗ್ಗೆ ಭಾಷಣ ಮಾಡುವ ಬದಲು ಅವರು ಅದರ ಬೆಲೆ ತೆತ್ತರು, ಅಭ್ಯಾಸಕ್ಕೆ ಚೆಂಡೆಸೆದುಕೊಡುವ ಹುಡುಗನಿಗೂ ಅರ್ಥವಾಗುವ ಲೆಕ್ಕದಲ್ಲಿ.

ಈಗ ಕಂಪನಿಗಳು ಕೋಚ್‌ಗಳನ್ನೇ ಕರೆಸಿ ನಾಯಕತ್ವದ ಉಪನ್ಯಾಸ ಇಡಿಸುತ್ತವೆ. ಮ್ಯಾನೇಜರು ಮುಂದಿನ ಸಾಲಿನಲ್ಲಿ ಕೂತು ತಲೆದೂಗಿ, ಊಟ ಮುಗಿಸಿ, ಸೀಟಿಗೆ ಮರಳಿದವರೇ ವಾಟ್ಸ್ಯಾಪ್ ಗುಂಪಿನಲ್ಲಿ ‘ಎಲ್ಲಿಗೆ ಬಂತು?’ ಎಂದು ಕೇಳುತ್ತಾರೆ. ಆ ಇಯರ್‌ಪೀಸ್ ತೆಗೆಸಲು ಅಲ್ಲಿ ಮ್ಯಾಚ್ ರೆಫರಿ ಇರುವುದಿಲ್ಲ.