ಕಾಲುಳುಕಿನ ಪದವಿ

ದೈಹಿಕ ಶಿಕ್ಷಣದ ಬಿ.ಪಿ.ಎಡ್. ಓದುತ್ತಿದ್ದೇನೆ ಎಂದರೆ ಅಂಕೋಲೆಯಲ್ಲಿ ಜನ ಮುಖ ಮುಖ ನೋಡುತ್ತಾರೆ. “ಪೀಪಿ ಊದಲಿಕ್ಕೆ ಎರಡು ವರ್ಷ ಓದ್ಬೇಕಾ ತಮ್ಮಾ?” 2015ಕ್ಕೆ ಮೊದಲು ಒಂದೇ ವರ್ಷ ಇತ್ತು ಎಂದು ನಾನು ಬಾಯಿ ಬಿಡುವುದಿಲ್ಲ. ಬಿಟ್ಟರೆ, ಅದೇ ಜಾಸ್ತಿಯಾಯಿತು ಅನ್ನುವ ಪೈಕಿ ಅವರು. ಡಿಗ್ರಿ ಮುಗಿಸಿದ ಮೇಲೆ ನಾಲ್ಕು ಸೆಮಿಸ್ಟರ್. ಅದರಲ್ಲಿ ಅನಾಟಮಿ, ಕ್ರೀಡಾ ವೈದ್ಯಕೀಯ, ಫಿಸಿಯೋಥೆರಪಿ ಎಲ್ಲ ಇದೆ. ಆಟಗಾರರ ಗಾಯ ನೋಡಿಕೊಳ್ಳುವವರಿಗೆ ಅಮೆರಿಕದಲ್ಲಿ 1950ರಿಂದ ಸಂಘವೇ ಇದೆ. ಬ್ಯಾಚುಲರ್ ಪದವಿ ಸಾಲದೆಂದು 2022ರ ನಂತರ ಅಲ್ಲಿ ಹೊಸಬರಿಗೆ ಮಾಸ್ಟರ್ಸ್ ಕಡ್ಡಾಯ.

ನನ್ನ ಪೈಪೋಟಿ ಮಾತ್ರ ಕೇರಿಯ ಅಜ್ಜಿಯ ಜೊತೆ. ಅವಳು ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಉಳುಕಿದ ಜಾಗಕ್ಕೆ ಕಾಲು ತಾಗಿಸಿದರೆ ನೋವು ಹೋಗುತ್ತದಂತೆ. ನಾನು ಡಿಗ್ರಿ ಸೇರಿ ಐದು ವರ್ಷ ಮಣ್ಣು ಹೊರಬೇಕಾದ ಕೋರ್ಸನ್ನು ಅವಳು ಹೊಟ್ಟೆಯಿಂದ ಹೊರಬೀಳುವಷ್ಟರಲ್ಲೇ ಪಾಸು ಮಾಡಿದ್ದಾಳೆ. ಇಂಟರ್ನಲ್ ಮಾರ್ಕ್ಸಿಗಾಗಿ ಯಾರ ಹಿಂದೆಯೂ ಓಡಿಲ್ಲ.

ಕಾರವಾರದ ಮಾಲಾದೇವಿ ಮೈದಾನದಲ್ಲಿ ಕಬಡ್ಡಿ. ನಮ್ಮ ರೈಡರ್ ಪಾದ ಒಳಕ್ಕೆ ಮಡಚಿ ಬಿದ್ದ. ಹೊರಗಂಟಿನ ಕೆಳಗೆ ನಿಂಬೆಹಣ್ಣಿನಷ್ಟು ಬಾವು. ಒತ್ತಿ ನೋಡಿದೆ: ಆಂಟೀರಿಯರ್ ಟೇಲೋಫೈಬ್ಯುಲರ್ ಲಿಗಮೆಂಟ್. ಕಾಲು ಉಳುಕಿದಾಗ ಹೆಚ್ಚಾಗಿ ಕೈಕೊಡುವ ನಾರು ಇದೇ. ಎರಡು ಸೆಂಟಿಮೀಟರ್ ಆಸುಪಾಸಿನದು, ಹೆಸರೇ ಅದಕ್ಕಿಂತ ಉದ್ದ. ಮೂಳೆ ಒತ್ತಿದರೆ ನೋವಿಲ್ಲ, ನಾಲ್ಕು ಹೆಜ್ಜೆ ಊರಿ ನಡೆದ. ಎಕ್ಸ್‌ರೇ ಬೇಡ ಎಂದೆ. ಬೈತಖೋಲ ಬಂದರಿನಿಂದ ಬಂದ ಮೀನಿನ ಬಾಕ್ಸಿನ ಐಸನ್ನು ಪಂಜಿಯಲ್ಲಿ ಕಟ್ಟಿ ಇಟ್ಟದ್ದಾಯಿತು. ಬಂಗಡೆ ನಾತ ಕಾಲಿಗೂ ಹತ್ತಿತು, ನನ್ನ ಕೈಗೂ. 1978ರಲ್ಲಿ ಐಸ್ ಇಡಿ ಎಂದು ಲೋಕಕ್ಕೆ ಹೇಳಿದ ಡಾಕ್ಟರ್ ಗೇಬ್ ಮಿರ್ಕಿನ್, ಐಸಿನಿಂದ ವಾಸಿಯಾಗುವುದು ತಡವಾಗಬಹುದು ಎಂದು 2014ರಲ್ಲಿ ತಾವೇ ಬರೆದರು. ನೋವು ಕಮ್ಮಿಯಾಗುತ್ತದಲ್ಲ, ಪರೀಕ್ಷೆಯಲ್ಲಿ ಅಷ್ಟು ಬರೆದರೆ ಸಾಕು.

ಅವನನ್ನು ಅಂಕೋಲೆಗೆ ಕರೆತಂದಾಗ ಅಜ್ಜಿ ಕಾಲು ಮೂಸಿ ನೋಡಿ, “ಐಸಾ? ಅದು ಮೀನು ಕೆಡಬಾರ್ದು ಅಂತ ಇಡುದು. ಇವ ಎಂಥ ಸತ್ತಿದ್ನಾ?” ಎಂದಳು. ಮಾವ ಎಣ್ಣೆ ಹಿಡಿದು ತಿಕ್ಕಲು ಬಂದ. ಹೊಸ ಉಳುಕನ್ನು ತಿಕ್ಕಿದರೆ ಬಾವು ಏರುತ್ತದೆಂದು ನಾನು ಅಡ್ಡ ಕೂತೆ. ಅಷ್ಟರಲ್ಲಿ ಆಯಿ ಸುಣ್ಣ-ಅರಿಶಿನದ ಪಟ್ಟು ಹಾಕಿಯಾಗಿತ್ತು, ಅಜ್ಜಿ ಮೂರು ಸಲ ಕಾಲು ತಾಗಿಸಿಯೂ ಆಗಿತ್ತು.

ಆಮೇಲೆ ಹುಡುಗನನ್ನು ದಿನಾ ಒಂಟಿಕಾಲಲ್ಲಿ ನಿಲ್ಲಿಸಿದವ ನಾನು. ಅದರಿಂದಲೇ ಕಾಲು ಮತ್ತೆ ಗಟ್ಟಿಯಾಗುವುದು. ಅವನು ಆಟಕ್ಕೆ ಇಳಿದ ದಿನ ಕಬಡ್ಡಿ ಸಂಘದವರು ಶಾಲು, ತೆಂಗಿನಕಾಯಿ ಕೊಟ್ಟದ್ದು ಅಜ್ಜಿಗೆ. ನನ್ನ ಕೈಗೆ ಸುಣ್ಣದ ಬುಟ್ಟಿ. “ನೀ ಹೆಂಗೂ ಕಲ್ತಂವ, ಅಂಕಣದ ಗೆರೆ ಎಳಿ.” 13 ಮೀಟರ್ ಉದ್ದ, 10 ಮೀಟರ್ ಅಗಲ ಎಳೆದೆ.

ಶಾಲು ಹೊದ್ದ ಅಜ್ಜಿ ಕುರ್ಚಿಯಿಂದಲೇ, “ತಮ್ಮಾ, ಆ ಮೂಲೆ ಸೊಟ್ಟ” ಎಂದಳು.

“ಟೇಪು ಹಿಡಿದೇ ಎಳೆದದ್ದು ಅಜ್ಜಿ.”

“ಟೇಪು ಸಮಾನೇ ಇತ್ತು. ಹಿಡ್ದಂವ ಸೊಟ್ಟ ನಿಂತಿದ್ದ.”